ಟವೆಲ್ಲಿನಡಿಯ ಎಲುಬು

ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಚಚಡಿಯ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿ ಕುಳಿತಿದ್ದರು. ಆಕೆ ಚೀಲದಿಂದ ಬಿಳಿಯ ಪ್ಲಾಸ್ಟಿಕ್ಕಿನ ಸೊಂಟದ ಎಲುಬೊಂದನ್ನು ಹೊರತೆಗೆದಳು. ಆತ ಗಾಬರಿಬಿದ್ದು ಅದರ ಮೇಲೆ ಟವೆಲ್ ಹೊದಿಸಿದ.

“ಮುಚ್ಚದನ್ನ! ಮಂದಿ ನೋಡಾಕತ್ತಾರ. ನಿನ್ನ ಸೊಂಟ ಅದು.”

“ಎಲುಬಿಗೆ ಎಂಥಾ ನಾಚಿಕಿರೀ? ನನ್ನ ಸ್ಕ್ಯಾನ್ ನೋಡಿ ಮಷೀನಿನಾಗ ಮಾಡ್ಯಾರ. ನಮ್ಮ ತಮ್ಮನ ಮಗಳು ಮೀನಾ ಡಾಕ್ಟರಕಿ ಕಲಿಯೋ ಹುಡುಗರಿಗೆ ಇದನ್ನ ತೋರಿಸಿ ಪಾಠ ಹೇಳ್ತಾಳಂತ. ನನಗೂ ಒಂದ ಕೊಟ್ಟಾಳ.”

“ಊರ ಹುಡುಗರ ಕೈಯಾಗ ನಿನ್ನ ಸೊಂಟ!”

“ಕೇಳೇ ಮಾಡ್ಯಾಳ, ನಾನೂ ಹೂಂ ಅಂದೆ. ಅದರ ಮ್ಯಾಲೆ ನನ್ನ ಹೆಸರಿಲ್ಲ ಬಿಡ್ರಿ. ಇಲ್ಲಿ ಕೈಯಾಡಿಸಿ ನೋಡ್ರಿ.”

ಆತ ಟವೆಲ್ಲಿನಡಿಯಲ್ಲೇ ತಡಕಿದ.

“ತೊಡಿ ಎಲುಬಿನ ಗುಂಡು ಕುಣಿಯಾಗ ಸರಿ ಕುಂತಿಲ್ಲಲ್ಲ?”

“ಹುಟ್ಟಿದಾಗಿಂದ ಹಂಗ ಐತಂತ. ಅದಕ್ಕ ನಾನು ಕಾಲ ಎಳದು ನಡಿಯೋದು.”

ಆತ ಆ ಗುಂಡನ್ನು ತಿರುಗಿಸಲು ನೋಡಿದ. ಅದು ಅರ್ಧಕ್ಕೇ ಸಿಕ್ಕಿಕೊಂಡಿತು.

“ಇಷ್ಟು ವರ್ಷ ನಡಿಯುವಾಗ ನೋಯ್ತಿತ್ತೇನ?”

“ನೋಯಲಾರದ ಏನು?”

“ಒಮ್ಮಿನೂ ಹೇಳಲಿಲ್ಲಲ್ಲ ನೀ.”

“ಹೇಳಾಕ ನೀವು ಬಾಜೂಕ ಯಾವಾಗ ಇದ್ರಿ? ಲಗೂ ಬಾ, ಲಗೂ ಬಾ ಅಂತ ಯಾವಾಗಲೂ ಮುಂದ ಹೋಗ್ತಿದ್ರಿ.”

ಅಷ್ಟರಲ್ಲಿ ಬಸ್ಸು ಬಂತು, ಜನ ಬಾಗಿಲಿಗೆ ನುಗ್ಗಿದರು. ಆತನೂ ಚೀಲ ಹಿಡಿದು ಮುಂದೆ ಧಾವಿಸಿದ. ಆಮೇಲೆ ನಿಂತು, ತಿರುಗಿ ಬಂದು ಆಕೆಯ ಪಕ್ಕದಲ್ಲಿ ನಿಂತ.

“ಲಗೂ ಹೋಗ್ರಿ, ಸೀಟ ತಪ್ಪತಾವ.”

“ತಪ್ಪಲಿ. ಇನ್ನೊಂದ ಬಸ್ ಬರತೈತಿ. ನೀ ಸಾವಕಾಶ ನಡಿ.”