ಸೆಂಟ್ರಿಂಗ್ ಬಿಚ್ಚಬ್ಯಾಡ್ರಿ

...ಅದಕ್ಕೇ ಹೇಳ್ತಿರೋದು ಕಲೀಂ ಸಾಬ್ರೇ, ಇವತ್ತು ಬ್ಯಾಡ. ಹಲಗೆ, ಆಸರೆ ಮರ, ಸೆಂಟ್ರಿಂಗ್ ಎಲ್ಲಾ ಇನ್ನೊಂದು ವಾರ ಇರ್ಲಿ ಅಂದ್ರೆ ಇರ್ಲಿ! ಇದು ಕಲ್ಯಾಣಮಂಟಪದ ಆರ್.ಸಿ.ಸಿ ತಾರಸಿ, ದನದ ಕೊಟ್ಟಿಗೆ ಅಲ್ಲ. ಇನ್ನೂ ನೀರು ಕುಡೀಬೇಕು ಅದು... ಕುಡಿದಾಯ್ತಾ? ಗೊತ್ತು ಮಾರಾಯ್ರೆ, ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದು ನೀವೇ. ಆದ್ರೂ...

ಇರ್ರಿ, ಇರ್ರಿ, ನಂದು ಮುಗೀಲಿ. ಕುತ್ಕಳ್ರಿ ಮೊದ್ಲು. ತೋಟಪ್ಪ, ಎರಡು ಚಾ ಕೊಡಪ್ಪಾ!

ಯಾಕ್ರೀ ನಗ್ತೀರಿ? ಪ್ಲಾನ್ ಬರಿಯೋ ಸಿದ್ಧಲಿಂಗೇಶನಿಗೆ ಸೆಂಟ್ರಿಂಗ್ ಉಸಾಬರಿ ಯಾಕೆ ಅಂತಾನಾ? ಬೆವರಾ? ಬಿಸಿಲು ಕಣ್ರೀ! ಓಡಿ ಬಂದೆ, ಅಷ್ಟೇ.

ಜಡೆ ಊರಿನ ಕೆಲ್ಸಕ್ಕೆ ಇವೇ ಸರ್ವೆ ಮರ ಬೇಕಾ? ಬೇರೆ ಕಡೆ ಬಾಡಿಗೆಗೆ ತಗಳ್ರಿ. ನಾನು ಕೊಡ್ತೀನಿ ಬಾಡಿಗೆ... ಹ್ಞಾ, ನನ್ನ ಕೈಯಿಂದಾನೇ! ಅದಕ್ಯಾಕೆ ಹಂಗೆ ನೋಡ್ತೀರಿ?

ಏನಿಲ್ಲ. ಸೊರಬದಿಂದ ಮಹಾಂತೇಶ ಬಂದು ಒಂದ್ಸಲ ನೋಡ್ಲಿ ಅಂತ. ಇಂಜಿನಿಯರು ಅವನಲ್ವಾ? ಕಂಬ, ತೊಲೆ ಅವನ ಕಂಪ್ಯೂಟರಲ್ಲಿ. ಗೋಡೆ, ಬಾಗಿಲು ನನ್ನ ಕಂಪ್ಯೂಟರಲ್ಲಿ. ಅವನ ಫ್ಲಾಪಿ ಬಸ್ ಕಂಡಕ್ಟರ್ ಕೈಲಿ ಬರ್ತದೆ, ನಾನು ಎರಡೂ ನಕ್ಷೆ ಜೋಡಿಸ್ತೀನಿ. ಟ್ರೇಸಿಂಗ್ ಪೇಪರ್ ಒಂದರ ಮೇಲೊಂದು ಇಟ್ಟಂಗೆ. ಬೇಕಾದ್ದು ಕಾಣ್ಸು ಅಂದ್ರೆ ಕಾಣ್ಸುತ್ತೆ, ಬ್ಯಾಡಾದ್ದು ಮುಚ್ಚು ಅಂದ್ರೆ ಮುಚ್ಚುತ್ತೆ. ತಪ್ಪಾಗೋ ಮಾತೇ ಇಲ್ಲ!... ಹೌದು, ತಪ್ಪು ಅಂತ ನೀವು ಕೇಳ್ಲಿಲ್ಲ. ನಾನೇ ಅಂದೆ.

ಅಯ್ಯೋ ಇರ್ರಿ, ಮಧ್ಯ ಬಾಯಿ ಹಾಕಬ್ಯಾಡ್ರಿ!

ಎಲ್ಲಾ ಆ ಮಾಲೀಕ್ರು ಚಂದ್ರಶೇಖರಪ್ಪನೋರ ಹಟ. ಗುದ್ದಲಿ ಪೂಜೆಗೆ ಪ್ಲಾನಿಗೂ ಅರಿಶಿಣ ಕುಂಕುಮ ಹಚ್ಚಬೇಕು ಅಂದ್ರಲ್ಲ? ಹಾಳೆ ನೋಡಿ ಕೂಗಾಡಿದ್ರು. ಹಸೆಮಣೆ ಎದುರಿಗೇ ಎರಡು ಕಂಬ, ಅಕ್ಕಿಕಾಳು ಹಾಕೋ ಜನಕ್ಕೆ ಅಡ್ಡ, ಇದನ್ನ ದೇವ್ರ ಮುಂದೆ ಇಡಬ್ಯಾಡ ಅಂದ್ರು. ದೊಡ್ಡೋರ ಹತ್ರ ವಾದ ಮಾಡೋಕಾಗುತ್ತಾ? ಪೂಜೆಗೊಂದು ಹಾಳೆ ತಾನೇ ಅಂತ ಆ ಎರಡನ್ನ ಮುಚ್ಚಿ... ಅದಿರ್ಲಿ ಬಿಡ್ರಿ. ಅದು ಪೂಜೆ ಹಾಳೆ. ನಿಮಗೆ ಕೊಟ್ಟಿದ್ದು ಬೇರೆ. ಬೇರೆ ಅಂದ್ರೆ... ಬೇರೆ ದಿನ ಪ್ರಿಂಟ್ ತೆಗೆದಿದ್ದು.

ಚಾ ಆರ್ತಾ ಐತೆ, ಕುಡೀರಿ. ಯಾಕ್ರೀ ಲೋಟ ಕೆಳಗಿಟ್ರಿ?

ಏನಾದ್ರೂ ಅನ್ರಿ ಸಾಬ್ರೇ. ಆಗಿಂದ ಮಾತಾಡ್ತೀನಿ ಮಾತಾಡ್ತೀನಿ ಅಂತಿದ್ರಿ, ಈಗ ಮಾತಾಡ್ರಿ! ಬೇಕಾದ್ರೆ ಬೈರಿ...

ಅದೇನು ಸದ್ದು? ಟಕ್, ಟಕ್ ಅಂತ... ಎದುರಿನ ಕಮ್ಮಾರನ ಅಂಗಡೀದಾ? ಅಲ್ಲ, ಅಲ್ಲಿ ಬೀಗ ಐತೆ. ಯಾಕೆ ಮಂಟಪದ ಕಡೆ ನೋಡ್ತೀರಿ?

ಕಲೀಂ ಸಾಬ್ರೇ... ಬಿಚ್ಚೋಕೆ ಆಗ್ಲೇ ಆಳು ಬಿಟ್ಟಿದೀರಾ? ಅದನ್ನೇ ಹೇಳೋಕೆ ಬಂದ್ರಾ ಆಗಿಂದ?

ಯಾರದಾರೆ ಒಳಗೆ? ಕರಿಯಣ್ಣನಾ? ಇನ್ಯಾರು?... ನಿಮ್ಮಪ್ಪಾರಾ? ಗುಲಾಬ್ ಸಾಬ್ರು ಒಳಗದಾರಾ?!

ಕರೀರಿ! ಎಲ್ಲಾರ್ನೂ ಹೊರಗೆ ಕರೀರಿ! ಆ ಎರಡು ಕಂಬ ಎಬ್ಬಿಸೇ ಇಲ್ಲ ನಾವು! ನಿಮ್ಮ ಹಾಳೇಲೂ ಅವು ಮುಚ್ಚೇ ಇದ್ವು, ಪೂಜೆ ಆದ್ಮೇಲೆ ನಾನು ತೆರೀಲೇ ಇಲ್ಲ. ಮಹಾಂತೇಶನ ನಕ್ಷೇಲಿ ಅವು ಇದಾವೆ, ಅವನಿಗೇನೂ ಗೊತ್ತಿಲ್ಲ. ಸರ್ವೆ ಮರ ಬಿಟ್ರೆ ಹಸೆಮಣೆ ಎದುರಿನ ತೊಲೆಗೆ ಯಾವ ಆಸರೆಯೂ ಇಲ್ಲ...

ಯಾವಾಗ ಗೊತ್ತಾಯ್ತು ಅಂತ ಹಂಗೆ ನೋಡಬ್ಯಾಡ್ರಿ. ಇವತ್ತಲ್ಲ. ಆರ್.ಸಿ.ಸಿ ಹಾಕಿದ ಸಂಜೆ ಮಾಲೀಕ್ರು ಎಲ್ಲಾರ್ಗೂ ಊಟ ಹಾಕಿದ್ರಲ್ಲ, ಅವತ್ತು ಗುಲಾಬ್ ಸಾಬ್ರು ನನ್ನೆಲೆಗೆ ಹೋಳಿಗೆ ಬಡಿಸ್ತಾ ಇದ್ರು, ನಾನು ತಲೆ ಎತ್ತಿ ಮಂಟಪದ ಕಡೆ ನೋಡ್ದೆ, ಆ ಎರಡು ಕಂಬದ ಜಾಗದಲ್ಲಿ ಬರೀ ಸರ್ವೆ ಮರ... ಅವತ್ತೇ ಗೊತ್ತಾಯ್ತು. ಹೋಳಿಗೆ ತಿಂದೆ, ಸುಮ್ನೆ ಮನೆಗೆ ಹೋದೆ.