ಆಯುಧ ಪೂಜೆಯ ದಿನ ಹಾಲೇಶಪುರದ ಕೈಮರ ತಿರುಗಿಸಿದ ಬಗ್ಗೆ

ಜಯದೇವಪ್ಪ ಬಿನ್ ಲೇಟ್ ಬಸವರಾಜಪ್ಪ, ವಯಸ್ಸು 47 ವರ್ಷ, ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಕೆಲಸ, ವಾಸ ಮೇಗಳ ಬೀದಿ, ಹಾಲೇಶಪುರ ಗ್ರಾಮ, ಚನ್ನಗಿರಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ ಆದ ನಾನು, ಠಾಣೆಯವರು ಹೇಳಿಕಳಿಸಿದ ಮೇರೆಗೆ ದಿನಾಂಕ 9-10-1981ರಂದು ಬೆಳಿಗ್ಗೆ 11.00 ಗಂಟೆಗೆ ಹಾಜರಾಗಿ, ಒಂದು ಗಂಟೆ ಬೆಂಚಿನ ಮೇಲೆ ಕುಳಿತ ನಂತರ ಈ ಮೂಲಕ ತಿಳಿಸುವುದೇನೆಂದರೆ:

ಹೋಂ ಗಾರ್ಡ್ ಜುಂಜಪ್ಪ ಎಂಬುವರು ನನ್ನ ಮೇಲೆ ದೂರು ಕೊಟ್ಟಿರುತ್ತಾರೆ. ನಮ್ಮೂರಿನ ನಾಲ್ಕು ರಸ್ತೆ ಕೂಡುವಲ್ಲಿ ಇರುವ ಸಿಗ್ನಲ್ ಕಂಬವನ್ನು ನಾನು ಬಲವಂತವಾಗಿ ತಿರುಗಿಸಿ, ಹಿಡಿಕೆ ಮುರಿದು, ಪೂಜೆಗೆ ಅಪಚಾರ ಮಾಡಿದೆನೆಂದು ಅದರಲ್ಲಿ ಬರೆದಿದೆಯಂತೆ. ತಿರುಗಿಸಿದ್ದು ನಿಜ. ಹಿಡಿಕೆ ಕಿತ್ತು ಬಂದದ್ದೂ ನಿಜ. ಯಾಕೆ ತಿರುಗಿಸಿದೆ ಎಂದು ಈವರೆಗೆ ಯಾರೂ ಕೇಳದ ಕಾರಣ ನಾನೇ ಹೇಳುತ್ತೇನೆ. ಜುಂಜಪ್ಪನವರ ಮೇಲೆ ಪ್ರತಿದೂರನ್ನೂ ಕೊಡಬೇಕೆಂದು ಬಂದಿದ್ದೇನೆ.

ಮೊದಲು ಆ ಕಂಬದ ವಿಚಾರ. ಯಾವುದೋ ದೊಡ್ಡ ಊರಿನಲ್ಲಿ ಕರೆಂಟಿನ ದೀಪ ಹಾಕಿದ ಮೇಲೆ ಗುಜರಿಗೆ ಹೋಗಿದ್ದ ಸಿಗ್ನಲ್ ಅದು. ನಮ್ಮೂರ ಅಡಿಕೆ ಮಂಡಿಯ ಶಿವಮೂರ್ತಪ್ಪನವರು ಹರಾಜಿನಲ್ಲಿ ಕೊಂಡು, ತಮ್ಮ ತಂದೆಯವರ ನೆನಪಿಗೆ ಎಂದು ಎರಡು ವರ್ಷದ ಹಿಂದೆ ನಿಲ್ಲಿಸಿದರು. ಒಂಬತ್ತು ಅಡಿ ಕಬ್ಬಿಣದ ಕಂಬ, ತಲೆಯ ಮೇಲೆ ನಾಲ್ಕು ಮುಖದ ತಗಡಿನ ಪೆಟ್ಟಿಗೆ. ಎರಡು ಮುಖ ಕೆಂಪು, ಎರಡು ಮುಖ ಹಸಿರು. ಸಂಜೆಗೆ ಪೆಟ್ಟಿಗೆಯೊಳಗೆ ಸೀಮೆಎಣ್ಣೆ ಲಾಂದ್ರ ಇಡಬೇಕು. ಸೊಂಟದ ಎತ್ತರದಲ್ಲಿ ಹಿಡಿಕೆ ಇದ್ದು, ಕಾಲು ಸುತ್ತು ತಿರುವಿದರೆ ಕೆಂಪು ಇದ್ದ ಕಡೆ ಹಸಿರು ಬರುತ್ತದೆ. ಹೀಗೆ ತಿರುವುವ ಕೆಲಸ ಜುಂಜಪ್ಪನವರದು. ಕೆಂಪಿನ ಮೇಲೆ 'ನಿಲ್ಲಿ' ಎಂದು ಮೂರು ಅಂಗುಲದಲ್ಲಿಯೂ, ಅದರ ಕೆಳಗೆ ಶಿವಮೂರ್ತಪ್ಪನವರ ತಂದೆಯ ಹೆಸರನ್ನು ಆರು ಅಂಗುಲದಲ್ಲಿಯೂ ಬರೆಸಿದ್ದಾರೆ. ದಿನಕ್ಕೆ ಒಂಬತ್ತು ಬಸ್ಸು ಬರುವ ಊರಿಗೆ ಇದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಆಗಲೇ ಹೇಳಿದ್ದೆ. ನನ್ನ ಮಾತು ಯಾರಿಗೆ ಬೇಕು?

ಆದರೂ ಇಟ್ಟ ಮೇಲೆ ಅದೇ ಕಾನೂನಾಯಿತು. ಕೆಂಪು ದಾಟಿದ್ದಕ್ಕೆ ಬಸ್ ಡ್ರೈವರ್ ಧರ್ಮಪ್ಪನವರ ಲೈಸೆನ್ಸಿನ ಮೇಲೆ ಠಾಣೆಯವರು ಎರಡು ಸಲ ಬರೆದಿದ್ದಾರೆ. ಮೂರನೇ ಸಲಕ್ಕೆ ಲೈಸೆನ್ಸೇ ಹೋಗುತ್ತದೆಂದು ಅವರಿಗೆ ತಾಕೀತಾಗಿರುತ್ತದೆ.

ದಿನಾಂಕ 7-10-1981ರ ಬುಧವಾರ ಆಯುಧ ಪೂಜೆ. ಬಿಲ್ಲನಹಟ್ಟಿಯ ಸಾವಂತ್ರಮ್ಮ, ವಯಸ್ಸು ಸುಮಾರು 55, ವಿಧವೆ, ಇವರು ನಡೆದುಕೊಂಡು ಆಸ್ಪತ್ರೆಗೆ ಬಂದಿದ್ದರು. ತಮ್ಮ ಎಮ್ಮೆ ಈಯಲಾರದೆ ಒದ್ದಾಡುತ್ತಿದೆ, ಬೆಳಿಗ್ಗೆ ಏಳೂವರೆಗೇ ನೀರು ಒಡೆದಿದೆ, ಕರುವಿನ ಒಂದು ಕಾಲು ಮಾತ್ರ ಹೊರಗೆ ಕಾಣುತ್ತಿದೆ ಎಂದು ತಿಳಿಸಿದರು. ಇರುವುದು ಅದೊಂದೇ ಎಮ್ಮೆ. ಅದರ ಹಾಲನ್ನು ಹೋಟೆಲಿಗೆ ಹಾಕಿ ಆಕೆಯ ಜೀವನ. ನೀರು ಒಡೆದ ಮೇಲೆ ಕರು ಒಳಗೆ ಬದುಕಿರುವುದು ಹೆಚ್ಚೆಂದರೆ ಮೂರು, ಮೂರೂವರೆ ತಾಸು. ಕರು ಹೋದರೆ ಎಮ್ಮೆ ಹಾಲು ಇಳಿಸುವುದಿಲ್ಲ, ಒದೆಯುತ್ತದೆ. ಇದು ದನ ಕಟ್ಟಿದವರಿಗೆಲ್ಲ ಗೊತ್ತಿರುವ ವಿಷಯ.

ಡಾಕ್ಟರು ರಜೆಯ ಮೇಲೆ ಜಗಳೂರಿಗೆ ಹೋಗಿದ್ದರಿಂದ ನಾನೊಬ್ಬನೇ ಇದ್ದೆ. ಹೆರಿಗೆಯ ಹಗ್ಗ, ಕೊಕ್ಕೆ, ಎಣ್ಣೆ ಬಾಟಲಿ ಚೀಲಕ್ಕೆ ಹಾಕಿಕೊಂಡು, 9.40ಕ್ಕೆ ಧರ್ಮಪ್ಪನವರ ಕತ್ತಲಗೆರೆ ಕಡೆಯ ಬಸ್ಸು ಹತ್ತಿದೆವು. ಬಿಲ್ಲನಹಟ್ಟಿಗೆ ನಾಲ್ಕು ಕಿಲೋಮೀಟರು, ಬಸ್ಸಿನಲ್ಲಿ ಹತ್ತು ನಿಮಿಷ. ಬಸ್ ಸ್ಟ್ಯಾಂಡಿನಿಂದ ಇನ್ನೂರು ಗಜ ಹೋಗುವಷ್ಟರಲ್ಲಿ, 9.43ಕ್ಕೆ, ಕೈಮರದ ಮುಂದೆ ಬಸ್ಸು ನಿಂತಿತು. ಊರವರು ಆ ಕಂಬಕ್ಕೆ ಕೈಮರ ಎನ್ನುತ್ತಾರೆ. ಕೆಂಪು ನಮ್ಮ ಕಡೆಗಿತ್ತು.

ಕಂಬಕ್ಕೆ ಎರಡು ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಹಿಡಿಕೆಗೆ ವಿಭೂತಿ ಕುಂಕುಮ ಬಳಿದಿದ್ದರು. ಬುಡದಲ್ಲಿ ಒಡೆದ ಬೂದುಗುಂಬಳಕಾಯಿ ಬಿದ್ದಿತ್ತು. ಜುಂಜಪ್ಪನವರು ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿಕೊಂಡು ಪಕ್ಕದ ಕಟ್ಟೆಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ಈಗ ತಿರುಗಿಸುತ್ತಾರೆ, ಆಗ ತಿರುಗಿಸುತ್ತಾರೆ ಎಂದು ಕಾದೆವು. ಹಸಿರು ಇದ್ದ ಅಡ್ಡರಸ್ತೆಯಲ್ಲಿ ಹತ್ತು ನಿಮಿಷಕ್ಕೆ ಬಂದದ್ದು ಎರಡು ಎತ್ತಿನ ಗಾಡಿ ಮತ್ತು ಒಂದು ಕುರಿ ಹಿಂಡು.

9.55ಕ್ಕೆ ನಾನು ಇಳಿದು ಹೋಗಿ ಕೇಳಿದೆ. ಜುಂಜಪ್ಪನವರು ಕೊಟ್ಟ ಉತ್ತರವೇನೆಂದರೆ, ಬೆಳಗ್ಗೆ ಎಂಟಕ್ಕೇ ಪೂಜೆ ಆಗೈತೆ, ನಾಳೆ ಬೆಳಗ್ಗೆವರ್ಗೂ ಅದಕ್ಕೆ ಕೈ ಹಚ್ಚಾಕೆ ಬರಂಗಿಲ್ಲ ರೀ ಎಂದು. ಹಾಗಾದರೆ ಹಸಿರನ್ನಾದರೂ ಈ ಕಡೆಗೆ ಇಟ್ಟು ಪೂಜೆ ಮಾಡಬಾರದಿತ್ತೇನ್ರೀ, ಇದು ದೊಡ್ಡ ರಸ್ತೆಯಲ್ಲವೇ ಎಂದೆ. ಕೆಂಪು ಅಮ್ಮನ ಬಣ್ಣ, ಅಮ್ಮನ್ನ ಹಿಂದಕ್ಕಿಟ್ಟು ಪೂಜೆ ಮಾಡಾಕೆ ಆಗುತ್ತೇನ್ರೀ ಎಂದರು. ಅಯ್ಯೋ ಶಿವನೇ ಎಂದು ನಾನು ಹಣೆ ಹಣೆ ಚಚ್ಚಿಕೊಂಡೆ. ಇದನ್ನು ಅವರ ದೂರಿನಲ್ಲಿ 'ಹೊಡೆಯಲು ಕೈ ಎತ್ತಿದರು' ಎಂದು ಬರೆಸಿದ್ದಾರೆ. ಎತ್ತಿದ್ದು ನನ್ನ ಹಣೆಗೆ.

ವಾಪಸು ಬಂದು ಡ್ರೈವರ್ ಧರ್ಮಪ್ಪನವರಿಗೆ, ಯಾರೂ ಇಲ್ಲ, ದಾಟಿಸಿಬಿಡ್ರಿ ಎಂದೆ. ಅವರು ಸ್ಟೇರಿಂಗಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ನಂದೂ ಬಸ್ಸು, ಬೆಳಗಿನ ಜಾವ ಐದಕ್ಕೇ ಪೂಜೆ ಮಾಡಿ ಓಡಿಸ್ತಾ ಇದ್ದೀನಿ, ಏನಾತು? ಆದ್ರೆ ಕೆಂಪು ದಾಟಿ ಲೈಸೆನ್ಸ್ ಹೋದ್ರೆ ನನ್ನ ಮಕ್ಕಳಿಗೆ ನೀವು ಅನ್ನ ಹಾಕ್ತೀರೇನು ಎಂದರು. ಹಿಂದಿನ ಸೀಟಿನಿಂದ ಯಾರೋ, ದೇವ್ರು ವರ ಕೊಟ್ರೂ ಪೂಜಾರಿ ಬಿಡ ಅಂತಾರಲ್ಲ ಇದೇ ನೋಡ್ರಪ್ಪ ಎಂದದ್ದಕ್ಕೆ ಬಸ್ಸಿಗೆ ಬಸ್ಸೇ ನಕ್ಕಿತು. ಸಾವಂತ್ರಮ್ಮ ನಗಲಿಲ್ಲ.

ಸುಮಾರು 10.05ಕ್ಕೆ ಸಾವಂತ್ರಮ್ಮ, ನಡಕೊಂಡಾದ್ರೂ ಹೋಗಾಣ ಬರ್ರಿ ಡಾಕ್ಟ್ರೇ ಎಂದರು. ನಾನು ಕಾಂಪೌಂಡರ್ ಎಂದು ಎಷ್ಟು ಸಲ ಹೇಳಿದರೂ ಆಕೆ ಡಾಕ್ಟ್ರೇ ಎಂದೇ ಕರೆಯುವುದು. ಇನ್ನೈದು ನಿಮಿಷ ಇರಮ್ಮ, ಬಸ್ಸು ಬಿಟ್ಟರೆ ನಾವು ನಡೆಯುವುದಕ್ಕಿಂತ ಮುಂಚೆ ಮುಟ್ಟುತ್ತೇವೆ ಎಂದೆ. ಶಿವಮೂರ್ತಪ್ಪನವರ ಮಂಡಿಗೆ ಹೇಳಿಕಳಿಸಿದೆ. ಅವರು ಪೂಜೆಗೆ ಕೂತಿದ್ದಾರೆ, ಎಬ್ಬಿಸುವ ಹಾಗಿಲ್ಲ ಎಂದು ಉತ್ತರ ಬಂತು. ಅಷ್ಟರಲ್ಲಿ ನಮ್ಮ ಹಿಂದೆ ಒಂದು ಲಾರಿ, ಮುಂದೆ ಆಚೆ ಬದಿಗೆ ಎರಡು ಟ್ರಾಕ್ಟರು ನಿಂತು ಹಾರ್ನ್ ಬಾರಿಸತೊಡಗಿದವು. ಜುಂಜಪ್ಪನವರು ಎರಡನೇ ಬಾಳೆಹಣ್ಣು ಸುಲಿಯುತ್ತಿದ್ದರು.

10.20ಕ್ಕೆ ನನ್ನ ತಾಳ್ಮೆ ಮುಗಿಯಿತು. ನೇರ ಹೋಗಿ ಹಿಡಿಕೆ ಹಿಡಿದು ತಿರುವಿದೆ. ಹಾರ ಹಿಡಿಕೆಗೆ ಸುತ್ತಿಕೊಂಡು ಹರಿಯಿತು. ಪೆಟ್ಟಿಗೆ ಅರ್ಧ ತಿರುಗಿ ಕಚ್ಚಿಕೊಂಡಿತು, ಹಿಡಿಕೆ ಕಿತ್ತು ನನ್ನ ಕೈಗೆ ಬಂತು. ಈಗ ಪೆಟ್ಟಿಗೆಯ ಮೂಲೆಗಳು ರಸ್ತೆಗಳ ಕಡೆ ನಿಂತು, ಎಲ್ಲರಿಗೂ ಅರ್ಧ ಕೆಂಪು, ಅರ್ಧ ಹಸಿರು ಕಾಣುವಂತಾಯಿತು. ನಾಲ್ಕೂ ಕಡೆಯವರು ತಮ್ಮ ಪಾಲಿನ ಹಸಿರನ್ನೇ ನೋಡಿಕೊಂಡು ನುಗ್ಗಿದರು. ಟ್ರಾಕ್ಟರಿನ ಮೂತಿ ಬಸ್ಸಿನ ಬಾಗಿಲಿಗೆ, ಗಾಡಿಯ ನೊಗ ಲಾರಿಯ ಚಕ್ರಕ್ಕೆ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಯಾವುದೂ ಹಿಂದಕ್ಕೂ ಹೋಗದು, ಮುಂದಕ್ಕೂ ಬರದು. ಜುಂಜಪ್ಪನವರು ಬಾಯಿ ಬಡಿದುಕೊಂಡು, ಅಪಚಾರ ಆತು, ಊರಿಗೆ ಕೇಡಾಗ್ತತಿ ಎಂದು ಕೂಗುತ್ತಿದ್ದರು. ಕೇಡು ಆಗಲೇ ಆಗೈತೆ, ಕಣ್ಣು ಬಿಟ್ಟು ನೋಡ್ರಿ ಎಂದು ನಾನೂ ಕೂಗಿದೆ.

ಹಿಡಿಕೆಯನ್ನು ಅವರ ಕೈಗೇ ಕೊಟ್ಟು, 10.30ಕ್ಕೆ ನಾನು ಮತ್ತು ಸಾವಂತ್ರಮ್ಮ ನಡೆಯತೊಡಗಿದೆವು. ಆಕೆ ನನಗಿಂತ ಇಪ್ಪತ್ತು ಹೆಜ್ಜೆ ಮುಂದೆಯೇ ಇದ್ದರು, ಒಮ್ಮೆಯೂ ತಿರುಗಿ ನೋಡಲಿಲ್ಲ. 11.15ಕ್ಕೆ ಬಿಲ್ಲನಹಟ್ಟಿ ಮುಟ್ಟಿದೆವು. ಎಮ್ಮೆ ಕೊಟ್ಟಿಗೆಯಲ್ಲಿ ಮಲಗಿ ಕತ್ತು ಚಾಚಿತ್ತು. ಮಡಚಿಕೊಂಡಿದ್ದ ಕಾಲನ್ನು ಸರಿಮಾಡಿ, ಹಗ್ಗ ಹಾಕಿ 11.40ಕ್ಕೆ ಕರು ತೆಗೆದೆ. ಹೆಣ್ಣುಗರು. ಮೂಗಿಗೆ ಹುಲ್ಲುಕಡ್ಡಿ ಹಾಕಿ ನೋಡಿದೆ, ತಲೆಕೆಳಗೆ ಮಾಡಿ ಎದೆ ತಿಕ್ಕಿದೆ. ಮೈ ಇನ್ನೂ ಬಿಸಿಯಿತ್ತು. ಉಸಿರಿರಲಿಲ್ಲ. ಎಮ್ಮೆ ಉಳಿಯಿತು. ಅದು ಎದ್ದು ಕರುವನ್ನು ನೆಕ್ಕಲು ಬಂದಾಗ ಸಾವಂತ್ರಮ್ಮ ಅಡ್ಡ ನಿಂತರು.

ಆ ಕರು ಸತ್ತದ್ದಕ್ಕೆ ಹೋಂ ಗಾರ್ಡ್ ಜುಂಜಪ್ಪನವರೇ ಕಾರಣ. ಮೂವತ್ತೇಳು ನಿಮಿಷ ಅವರು ಒಂದು ತಗಡಿನ ಪೆಟ್ಟಿಗೆಗೆ ಹೆದರಿ ಕೂತರು. ಅವರ ಮೇಲೆ ಕ್ರಮ ಜರುಗಿಸಬೇಕು.

ಇಷ್ಟು ಬರೆದುಕೊಂಡ ಠಾಣೆಯ ರೈಟರ್‌ರವರು, ಸಾವಂತ್ರಮ್ಮ ಆಸ್ಪತ್ರೆಗೆ ಬಂದಾಗ ಗಂಟೆ ಎಷ್ಟಾಗಿತ್ತು ಎಂದು ಕೇಳಲಾಗಿ, ಎಂಟೂವರೆ ಎಂದು ತಿಳಿಸಿದೆ. ಎಂಟೂವರೆಯಿಂದ ಒಂಬತ್ತೂ ನಲವತ್ತರವರೆಗೆ ಏನು ಮಾಡುತ್ತಿದ್ದಿರಿ ಎಂದು ಕೇಳಲಾಗಿ, ಕೆಳಗಿನಂತೆ ತಿಳಿಸಿದೆ.

ಆಕೆ ಬಂದಾಗ ಹಗ್ಗ, ಕೊಕ್ಕೆ, ಸೂಜಿ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ ಅರಿಸಿನ ಕುಂಕುಮ ಹಚ್ಚಿದ್ದೆ. ನನ್ನ ಸೈಕಲ್ಲೂ ತೊಳೆದು, ಹೂವು ಮುಡಿಸಿಕೊಂಡು ಅಲ್ಲೇ ನಿಂತಿತ್ತು. ಪೂಜೆಯ ಅಯ್ಯನವರು ಇನ್ನೂ ಬಂದಿರಲಿಲ್ಲ. ಆಕೆ ಅಳುತ್ತಾ ವಿಷಯ ಹೇಳಿದಾಗ ನಾನು ಹೇಳಿದ್ದು, ಪೂಜೆಗೆ ಇಟ್ಟಿರೋದಕ್ಕೆ ಕೈ ಹಚ್ಚಾಕೆ ಬರಲ್ಲಮ್ಮ, ಮಂಗಳಾರತಿ ಆಗ್ಲಿ, ಕುಂತ್ಕ ಎಂದು. ಆಕೆ ಮೆಟ್ಟಿಲ ಮೇಲೆ ಕುಳಿತರು. ಅಯ್ಯನವರು ಬಂದದ್ದು ಒಂಬತ್ತು ಹತ್ತಕ್ಕೆ. ಮಂಗಳಾರತಿ ಆದ ಮೇಲೆ ಆಕೆಗೂ ಒಂದು ಹಿಡಿ ಮಂಡಕ್ಕಿ, ಬೆಲ್ಲದ ಪ್ರಸಾದ ಕೊಟ್ಟೆ. ತಿನ್ನಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡರು. ಅಷ್ಟರಲ್ಲಿ ಬಸ್ಸಿನ ಹೊತ್ತಾಗಿದ್ದರಿಂದ, ಹೂವು ಮುಡಿಸಿದ ಸೈಕಲ್ಲನ್ನು ಅಲ್ಲೇ ಬಿಟ್ಟು ಬಸ್ಸಿಗೆ ಹೋದೆವು. ಸೈಕಲ್ ಹತ್ತಿ ಆಗಲೇ ಹೊರಟಿದ್ದರೆ ಒಂಬತ್ತಕ್ಕೆ ಮುಂಚೆ ಬಿಲ್ಲನಹಟ್ಟಿಯಲ್ಲಿ ಇರುತ್ತಿದ್ದೆ. ಕರು ಬದುಕುತ್ತಿತ್ತು.

ಈ ಭಾಗವನ್ನು ಬಿಟ್ಟು ಹೊಸದಾಗಿ ಬರೆದುಕೊಳ್ಳಲೇ ಎಂದು ರೈಟರ್‌ರವರು ಕೇಳಿದರು. ಬೇಡ ಎಂದೆ. ಜುಂಜಪ್ಪನವರ ಮೇಲಿನ ದೂರನ್ನು ನಾನು ಒತ್ತಾಯಿಸುವುದಿಲ್ಲ. ಸಾವಂತ್ರಮ್ಮನವರನ್ನು ಕರೆಸಿ ಅವರ ಹೇಳಿಕೆ ಪಡೆಯಬೇಕು. ಅವರು ಯಾರ ಮೇಲೆ ದೂರು ಕೊಟ್ಟರೂ ನನ್ನ ತಕರಾರಿಲ್ಲ.

ಮೇಲೆ ಬರೆದಿರುವುದನ್ನು ಓದಿ ಹೇಳಿದ್ದನ್ನು ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹೀಗೆಯೇ ಎಂದು ಒಪ್ಪಿ ರುಜು ಹಾಕಿರುತ್ತೇನೆ.

ಸ್ಥಳ: ಹಾಲೇಶಪುರ
ದಿನಾಂಕ: 9-10-1981, ಮಧ್ಯಾಹ್ನ 1.25 ಗಂಟೆ

(ಸಹಿ) ಬಿ. ಜಯದೇವಪ್ಪ