ಸವಳು ಹೊಲ, ಸವಳು ನಾಲಿಗೆ

ಕಾಲುವೆಯ ನೀರು ಕೊನೆ ಮುಟ್ಟುವ ಕಡೆ ಒಂದು ಊರು. ಆ ಊರಿಗೊಬ್ಬ ಸಾಹುಕಾರ. ಹೆಸರು ಬೇಡ. ಹೆಸರು ಹೇಳಿದರೆ ಈ ಮಠದಲ್ಲಿ ಕುಳಿತವರಲ್ಲಿ ನಾಲ್ಕು ಜನ 'ಇದು ನಮ್ಮ ಮಾವನ ಕಥೆ' ಅಂತ ಎದ್ದು ಹೋಗುತ್ತೀರಿ. ಅವನಿಗೆ ಅರವತ್ತು ಎಕರೆ ಕರಿಮಣ್ಣು, ಎರಡು ಟ್ರ್ಯಾಕ್ಟರ್, ಒಂದು ನಾಲಿಗೆ. ಎರಡು ಟ್ರ್ಯಾಕ್ಟರ್ ಸೇರಿ ದಿನಕ್ಕೆ ಎಷ್ಟು ದುಡಿಯುತ್ತಿದ್ದವೋ ಆ ಒಂದು ನಾಲಿಗೆ ಅದಕ್ಕಿಂತ ಹೆಚ್ಚು ದುಡಿಯುತ್ತಿತ್ತು. ಬೈಗುಳ, ನೋಡಿ, ಬರೀ ಬೈಗುಳ. ಹಾಲಿನವನು ತಡವಾಗಿ ಬಂದರೆ, "ಎಮ್ಮೀಗೆ ಕೈ ಮುಗೀತಾ ಕುಂತಿದ್ದೇನಲೇ?" ಬೇಗ ಬಂದರೆ, "ಯಾರ ಕೊಟ್ಟಿಗ್ಯಾಗ ಹಿಂಡಿಕೊಂಡು ಬಂದೀಯಲೇ?" ಸರಿಯಾದ ಹೊತ್ತಿಗೆ ಬಂದರೆ? ಅದಕ್ಕೂ ಒಂದಿತ್ತು: "ಇವತ್ತ ಏನ ರೋಗ ಬಂತಲೇ ನಿನಗ?"

ಒಂದು ದಿನ ಮನೆಗೆ ಬೀಗರು ಬಂದರು. ಪಂಕ್ತಿಯಲ್ಲಿ ಎಲ್ಲರೂ ಕುಳಿತಿದ್ದಾರೆ. ಸಾಹುಕಾರ ಸಾರಿನ ಒಂದು ತುತ್ತು ಬಾಯಿಗಿಟ್ಟ. ಉಪ್ಪು ಒಂದು ಕಲ್ಲು ಹೆಚ್ಚಾಗಿತ್ತು. ಹೆಂಡತಿಯ ಮೇಲೆ ಶುರು ಮಾಡಿದವನು, ಅವಳ ತವರಿನವರೆಗೂ ಹೋಗಿ, ಮಜ್ಜಿಗೆ ಬರುವ ತನಕ ನಿಲ್ಲಿಸಲಿಲ್ಲ. ಆ ತಾಯಿ ಬೀಗರನ್ನು ಕಳುಹಿಸಿದಳು, ಪಾತ್ರೆ ತೊಳೆದಿಟ್ಟಳು, ಚೀಲ ಹಿಡಿದು ಹೊರಟಳು.

"ತಮ್ಮನ ಮನಿಗೆ ಹೊಂಟೀನಿ. ನೀವು ಬೈಯ್ಯೂದು ಬಿಟ್ಟಿರಿ ಅನ್ನೂ ಸುದ್ದಿ ಬಂದ ದಿನ ಬರ್ತೀನಿ. ಆ ಸುದ್ದಿ ನಿಮ್ಮ ಬಾಯಿಂದ ಬರಬಾರದು. ಹಾಲಿನವನ ಬಾಯಿಂದ ಬರಬೇಕು."

ಮೂವತ್ತು ವರ್ಷ ಜೊತೆಗಿದ್ದವಳು. ಮನೆ ಬಿಕೋ ಎಂದಿತು. ಸಾಹುಕಾರ ಮನಸ್ಸು ಗಟ್ಟಿ ಮಾಡಿ ಹನ್ನೊಂದು ದಿನದ ಮೌನವ್ರತ ಹಿಡಿದ. ಬೇಕಾದ್ದನ್ನು ಪಾಟಿಯ ಮೇಲೆ ಬರೆದು ತೋರಿಸುವುದು. ಮೊದಲ ದಿನ 'ನೀರು' ಅಂತ ಬರೆದ. ಎರಡನೇ ದಿನ 'ಬಿಸಿನೀರು'. ನಾಲ್ಕನೇ ದಿನ ಬರೆದದ್ದನ್ನು ಈ ಪೀಠದಲ್ಲಿ ಕುಳಿತು ಓದುವ ಹಾಗಿಲ್ಲ. ಐದನೇ ದಿನ ಹಾಲಿನವನು ಹೊಸ್ತಿಲ ಮೇಲೆ ಒಂದು ಹನಿ ಚೆಲ್ಲಿದ. ಅಷ್ಟೇ! ಐದು ದಿನದ ದಾಸ್ತಾನು ಒಂದೇ ಉಸಿರಿನಲ್ಲಿ ಖಾಲಿಯಾಯಿತು. ವ್ರತವೂ ಹೋಯಿತು, ಪಾಟಿಯೂ ಒಡೆಯಿತು.

ಅದೇ ಹೊತ್ತಿಗೆ ಅವನ ಹೊಲದಲ್ಲೂ ಒಂದು ತಾಪತ್ರಯ. ಕಾಲುವೆಯ ಪಕ್ಕದ ನಾಲ್ಕು ಎಕರೆ ಸವಳಾಗಿತ್ತು. ನೆಲದ ಮೇಲೆ ಬೆಳ್ಳಗೆ ಹೊಪ್ಪಳಿಕೆ, ಹುಲ್ಲೂ ಏಳದು. ಉಪ್ಪು ತಾನೇ, ತೊಳೆದರೆ ಹೋಗುತ್ತದೆ ಅಂದುಕೊಂಡ. ಒಳ್ಳೆಯ ಸಿಹಿನೀರು ತುಂಬಿಸಿದ. ಹೋಯಿತೇ? ನಲವತ್ತು ದಿನ ನೀರು ಇಂಗದೆ ಹಾಗೇ ನಿಂತಿತು. ಬೆಳ್ಳಕ್ಕಿ ಬಂದು ಇಳಿದವು. ಆಳು ಬದುವಿನ ಮೇಲೆ ನಿಂತು ಕೇಳಿದ, "ಸಾವ್ಕಾರ್ರ, ಮೀನಾದ್ರೂ ಬಿಡೂಣೇನ್ರಿ?" ಅವನಿಗೆ ಸಿಕ್ಕಿದ್ದೇನು ಅಂತ ನಾನು ಹೇಳಬೇಕಿಲ್ಲ.

ಕೊನೆಗೆ ಒಂದು ಚೀಲ ಮಣ್ಣು ಹಿಡಿದು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಹೋದ. ಅಲ್ಲಿದ್ದ ಮೇಡಂ ಎರಡು ಗಾಜಿನ ಲೋಟದಲ್ಲಿ ನೀರು ಹಾಕಿ, ಎರಡರಲ್ಲೂ ಅವನ ಮಣ್ಣು ಕಲಕಿದಳು. ಒಂದಕ್ಕೆ ಮಾತ್ರ ಒಂದು ಚಮಚ ಜಿಪ್ಸಂ ಪುಡಿ ಬೆರೆಸಿ ಪಕ್ಕಕ್ಕಿಟ್ಟಳು. ಸ್ವಲ್ಪ ಹೊತ್ತಿಗೆ ಜಿಪ್ಸಂ ಹಾಕಿದ ಲೋಟ ತಿಳಿಯಾಯಿತು, ಮಣ್ಣು ತಳ ಸೇರಿತು. ಇನ್ನೊಂದು ಚಹಾದ ಹಾಗೆ ಕದಡಿಯೇ ಉಳಿಯಿತು.

"ಮಣ್ಣಿನ ಕಣ ಅಂದ್ರ ಒಂದು ಬಸ್ಸು ಅಂತ ತಿಳ್ಕೋರಿ," ಅಂದಳು ಮೇಡಂ. "ನಿಮ್ಮ ಹೊಲದಾಗ ಸೀಟೆಲ್ಲಾ ಸೋಡಿಯಂ ಹಿಡಕೊಂಡು ಕುಂತೈತಿ. ಅದಕ್ಕ ಮಣ್ಣು ಹಿಂಗ ಕದಡಿ, ನೀರು ಇಂಗೂ ಸಂದಿ ಮುಚ್ಚತಾವ. ನೀವು ಬರೇ ನೀರು ಹಾಯಿಸಿದ್ದು ಅಂದ್ರ, ಹೊರಗ ನಿಂತು 'ಇಳೀರಿ, ಇಳೀರಿ' ಅಂದಂಗ. ಸೀಟು ಸಿಕ್ಕವ ಯಾರರ ಇಳಿತಾನೇನ್ರಿ?"

"ಮತ್ತ ಎಬ್ಬಸೂದು ಹೆಂಗ್ರಿ?"

"ಈ ಬಸ್ಸಿನ್ಯಾಗ ಸೀಟು ಖಾಲಿ ಇರಾಂಗಿಲ್ಲ. ಒಬ್ಬನ್ನ ಎಬ್ಬಸಬೇಕಂದ್ರ ಇನ್ನೊಬ್ಬನ್ನ ಕೂಡಸಬೇಕು. ಜಿಪ್ಸಂನಾಗ ಕ್ಯಾಲ್ಸಿಯಂ ಐತಿ, ದಪ್ಪ ಆಸಾಮಿ. ಅವ ಒಬ್ಬ ಕುಂತ್ರ ಸೋಡಿಯಂ ಇಬ್ಬರು ಏಳಬೇಕು. ಎದ್ದವರಿಗೆ ಹೋಗಾಕ ಬಾಗಿಲ ಬೇಕಲ್ರಿ? ಮೊದಲ ನೀರು ಬಸದು ಹೋಗಾಕ ಬಸಿಗಾಲುವಿ ತೋಡಸ್ರಿ, ಆಮೇಲೆ ನೀರು ಹಾಯಿಸ್ರಿ. ಇಲ್ಲಾಂದ್ರ ಅಲ್ಲೇ ಸುತ್ತಾಡಿ ಮತ್ತ ಬಂದು ಕೂಡ್ತಾರ."

ಸಾಹುಕಾರ ದಾರಿಯುದ್ದಕ್ಕೂ ಯೋಚಿಸಿದ. ಸೀಟು ಖಾಲಿ ಇರುವುದಿಲ್ಲ! ಹಾಗಾದರೆ ಮೌನವ್ರತದಲ್ಲಿ ತಾನು ಮಾಡಿದ್ದೇನು? ಬರೀ 'ಇಳೀರಿ' ಅಂದದ್ದು. ಬೈಗುಳದ ಜಾಗಕ್ಕೆ ಯಾರನ್ನು ಕೂರಿಸಿದೆ? ಯಾರನ್ನೂ ಇಲ್ಲ.

ಹೊಲಕ್ಕೆ ಬಸಿಗಾಲುವೆ ತೋಡಿಸಿದ, ಮೇಡಂ ಬರೆದುಕೊಟ್ಟಷ್ಟು ಜಿಪ್ಸಂ ಬೆರೆಸಿ ನೀರು ಹಾಯಿಸಿದ. ನಾಲಿಗೆಗೂ ಒಂದು ಮಾತು ಗೊತ್ತು ಮಾಡಿಕೊಂಡ. ಬೈಗುಳ ಬಾಯಿಗೆ ಬಂದಾಗಲೆಲ್ಲ ಅದರ ಬದಲು 'ಊಟ ಆತೇನು' ಅನ್ನುವುದು.

ಮರುದಿನ ಬೆಳಿಗ್ಗೆ ಹಾಲಿನವನು ಒಂದು ತಾಸು ತಡವಾಗಿ ಬಂದ. ಬಂದವನು ಎಡವಿದ. ಕ್ಯಾನು ಮಗುಚಿ ಪಡಸಾಲೆಯೆಲ್ಲ ಹಾಲು. ಸಾಹುಕಾರನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಕತ್ತಿನ ನರ ಉಬ್ಬಿದವು. ಬಾಯಿ ತೆರೆದು ಗುಡುಗಿದ:

"ಊಟ ಆತೇನಲೇ!"

ಮಾಳಿಗೆಯ ಮೇಲಿನ ಪಾರಿವಾಳಗಳು ಹಾರಿಹೋದವು. ಹಾಲಿನವನು ಕ್ಯಾನು ಅಲ್ಲೇ ಬಿಟ್ಟು ಓಡಿದ. ತಪ್ಪಲ್ಲ, ಅವನ ಜಾಗದಲ್ಲಿ ನಾನಿದ್ದರೂ ಓಡುತ್ತಿದ್ದೆ.

ಸಾಹುಕಾರ ಅವನ ಹಿಂದೆಯೇ ಹೋಗಿ, ಜನ್ಮದಲ್ಲಿ ಮೊದಲ ಸಲ "ತಪ್ಪಾತಪ್ಪಾ" ಅಂದ. ಮಾರನೇ ದಿನ ಮತ್ತೆ ಅದೇ ಪ್ರಶ್ನೆ, ಗಂಟಲು ಸ್ವಲ್ಪ ಇಳಿದಿತ್ತು. ಹಾಲಿನವನು ಧೈರ್ಯ ಮಾಡಿ, "ಇಲ್ರಿ" ಅಂದುಬಿಟ್ಟ. ಈಗೇನು ಮಾಡುವುದು? ಕೇಳಿದವನು ಹಾಕಬೇಕಲ್ಲ! ಸಾಹುಕಾರ ಒಲೆ ಹಚ್ಚಿ ಉಪ್ಪಿಟ್ಟು ಮಾಡಿದ. ಆಮೇಲೆ ಆ ಪುಣ್ಯಾತ್ಮ ದಿನಾ "ಇಲ್ರಿ" ಅನ್ನತೊಡಗಿದ. ಮನೆಯಲ್ಲಿ ಎರಡು ರೊಟ್ಟಿ ತಿಂದು ಬಂದ ದಿನವೂ "ಇಲ್ರಿ."

ಒಂದು ಹಂಗಾಮು ಕಳೆಯಿತು. ಹೊಲ ಪೂರ್ತಿ ಸರಿಹೋಯಿತೇ? ಇಲ್ಲ. ನೀರು ಇಂಗತೊಡಗಿತು, ಭತ್ತ ಅಲ್ಲಲ್ಲಿ ತೇಪೆ ಹಾಕಿದಂತೆ ಬಂತು. ಆಗ ಹಾಲಿನವನು ತಾನೇ ಫೋನು ಮಾಡಿದ:

"ಅಮ್ಮಾರ, ಬೈಯ್ಯೂದು ಪೂರಾ ಬಿಟ್ಟಾರ ಅಂತ ಸುಳ್ಳು ಹೇಳಾಂಗಿಲ್ರಿ. ವಾರಕ್ಕೊಮ್ಮೆ ಜಾರ್ತೈತಿ. ಆದ್ರ ಹಿಂದಿಂದನ ತಪ್ಪಾತು ಅಂತಾರ್ರಿ. ಉಪ್ಪಿಟ್ಟು ಮಾಡಿ ಹಾಕ್ತಾರ್ರಿ. ಉಪ್ಪ ಮಾತ್ರ ತಡಕೊಳ್ಳಾಕ ಆಗವಲ್ದು, ಜಲ್ದಿ ಬರ್ರಿ."

ಮರುದಿನವೇ ಆ ತಾಯಿ ಬಂದಳು. ಸಾಹುಕಾರ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗೆ ಕಂಬ ಹಿಡಿದು ನಿಂತ. ಅವಳು ಒಂದು ತುತ್ತು ಬಾಯಿಗಿಟ್ಟಳು. ನೀರು ಕುಡಿದಳು. ಗಂಡನ ಮುಖ ನೋಡಿದಳು. ಮೂವತ್ತು ವರ್ಷದ್ದು ಒಮ್ಮೆಗೇ ಹೇಳಬಹುದಿತ್ತು.

"ನಿಮ್ಮದು ಊಟ ಆತೇನ್ರಿ?" ಅಂದಳು.

ನೋಡಿ, ನಗುವುದು ಸುಲಭ. ನೀವು ಪ್ರತಿ ಸೋಮವಾರ ಇಲ್ಲಿ ಬರುತ್ತೀರಿ. 'ಸಿಟ್ಟು ಬಿಟ್ಟೆ ಸ್ವಾಮಿ, ಚಾಡಿ ಬಿಟ್ಟೆ ಸ್ವಾಮಿ' ಅನ್ನುತ್ತೀರಿ. ಮುಂದಿನ ಸೋಮವಾರ ಅದೇ ಸಿಟ್ಟು, ಅದೇ ಚಾಡಿ, ಅದೇ ಸೀಟಿನಲ್ಲಿ. ಯಾಕೆ? ನನ್ನ ಮಾತು ಸಿಹಿನೀರು. ನಲವತ್ತು ವಾರ ಹಾಯಿಸಿದರೂ ನಿಮ್ಮ ಮೇಲೆ ನಿಲ್ಲುತ್ತದೆಯೇ ಹೊರತು ಒಳಗೆ ಇಂಗುವುದಿಲ್ಲ. ಇನ್ನು ಮೇಲೆ ನನ್ನ ಹತ್ತಿರ ಏನು ಬಿಟ್ಟಿರಿ ಅಂತ ಹೇಳಬೇಡಿ. ಆ ಜಾಗಕ್ಕೆ ಏನು ತಂದು ಕೂರಿಸಿದಿರಿ, ಅದನ್ನು ಹೇಳಿ. ಸೊಸೆಯ ಸುದ್ದಿ ಪಕ್ಕದ ಮನೆಗೆ ಒಯ್ಯುವ ಹೊತ್ತಿಗೆ ಸೊಸೆಯ ಜೊತೆ ಕುಳಿತು ಸೊಪ್ಪು ಬಿಡಿಸಿ. ಮಗನ ಅಂಕಪಟ್ಟಿ ನೋಡಿ ಕೈ ಎತ್ತುವ ಬದಲು ಅವನ ಪುಸ್ತಕ ಎತ್ತಿಕೊಳ್ಳಿ. ಜಾರಿದರೆ 'ತಪ್ಪಾಯಿತು' ಅನ್ನಿ. ಅದೇ ನಿಮ್ಮ ಬಸಿಗಾಲುವೆ. ಅದಿಲ್ಲದಿದ್ದರೆ ಎದ್ದುಹೋದದ್ದು ಮತ್ತೆ ಬಂದು ಕೂರುತ್ತದೆ. ಒಂದೇ ದಿನದಲ್ಲಿ ಆಗುವುದಿಲ್ಲ. ಹೊಲಕ್ಕೇ ಒಂದು ಹಂಗಾಮು ಸಾಲಲಿಲ್ಲ.

ಹೊರಗೆ ಪ್ರಸಾದದ ಸಾಲು ಶುರುವಾಗಿದೆ. ಕಳೆದ ವಾರ ಆ ಸಾಲಿನಲ್ಲಿ ಯಾರು ಯಾರಿಗೆ ಏನೆಂದರು ಅಂತ ನನಗೆ ಗೊತ್ತು, ಅಲ್ಲಿಟ್ಟ ಮೈಕು ಯಾರೂ ಆರಿಸಿರಲಿಲ್ಲ. ಇವತ್ತು ಯಾರಾದರೂ ನಿಮ್ಮ ಕಾಲು ತುಳಿದು ಮುಂದೆ ನುಗ್ಗುತ್ತಾರೆ. ನಿಮ್ಮ ಬಾಯಿಗೆ ಏನು ಬರುತ್ತದೆ ಅಂತಲೂ ನನಗೆ ಗೊತ್ತು. ಅದನ್ನು ಎಬ್ಬಿಸಿ, ಆ ಜಾಗದಲ್ಲಿ ಒಂದೇ ಮಾತು ಕೂರಿಸಿ: "ನಿಮ್ಮದು ಊಟ ಆಯಿತೇ?" ಇಲ್ಲ ಅಂದರೆ, ನಿಮ್ಮ ಕೈಯಲ್ಲಿರುವ ಪ್ರಸಾದದ ಎಲೆ ಅವರಿಗೆ ಕೊಡಿ.